ಎಲೆತೋಟದ ಡ್ರಮ್ಮು

ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಕೊನೆಯಲ್ಲಿ, ಗಂಡಸರ ಮೂತ್ರಾಲಯದ ಗೋಡೆಗೆ ಕಿವಿಗೊಟ್ಟು ಒಬ್ಬ ಹೆಂಗಸು ನಿಂತಿದ್ದರೆ ನೋಡಿದವರು ಏನೆಂದುಕೊಂಡಾರು? ಬಚ್ಚಪ್ಪನಿಗೆ ಅದೇ ಚಿಂತೆ. ಅವನು ಜೋಲಾರಪೇಟೆಯಲ್ಲಿ ಪಾಯಿಂಟ್ಸ್‌ಮನ್. ವಾರದ ರಜೆಗೆ ಊರಿಗೆ ಬಂದು ಮತ್ತೆ ಡ್ಯೂಟಿಗೆ ಹೊರಟಿದ್ದ. ಆ ಸ್ಟೇಷನ್ನಿನಲ್ಲಿ ಅವನ ಗುರುತಿನವರು ಸಾಕಷ್ಟು ಜನ ಇದ್ದರು.

"ಏನೇ ಅದು? ಮಾನ ಕಳೀಬ್ಯಾಡ, ಈ ಕಡೆ ಬಾ."

"ಶ್... ಇರ್ರೀ. ತುಂಬ್ತಾ ಐತೆ. ಈಗ ಸುರೀತದೆ ನೋಡಿ," ಎಂದಳು ಅವನ ಹೆಂಡತಿ ವೆಂಕಟರತ್ನಮ್ಮ.

ಗೋಡೆಯಾಚೆ ನೀರು ಗೊಳಕ್ಕೆಂದು ಒಮ್ಮೆ ಉಸಿರೆಳೆದುಕೊಂಡು ಭರ್ರನೆ ಸುರಿಯಿತು. ಅವಳ ಮುಖ ಅರಳಿತು.

"ಯಾರೂ ಚೈನು ಎಳೀಲಿಲ್ಲ. ಕಂಡ್ರಾ?"

"ಅದು ಯಾವಾಗ್ಲೂ ಅಂಗೇ. ತುಂಬಿದ ಮ್ಯಾಲೆ ತಾನೇ ಸುರ್ಕೊಂತದೆ. ಆಟೋಮ್ಯಾಟಿಕ್ಕು."

"ಅದೇ ನಂಗೂ ಬೇಕಾಗಿರೋದು," ಎಂದಳು.

ಬಚ್ಚಪ್ಪನಿಗೆ ಅರ್ಥವಾಗಲಿಲ್ಲ. ರೈಲು ಬಂತು, ಹತ್ತಿ ಕೂತ. ಅವಳು ಕಾಮಸಮುದ್ರದ ಬಸ್ಸು ಹಿಡಿದಳು. ಬಸ್ಸಿನಲ್ಲಿ ಅಂಗೈ ಮೇಲೆ ಬೆರಳಿನಿಂದ ಒಂದು ಡ್ರಮ್ಮು, ಅದರೊಳಗೆ ಒಂದು ಬಗ್ಗಿದ ಕೊಳವೆ ಬರೆಯುತ್ತ, ಅಳಿಸುತ್ತ ಕೂತಳು. ಕೆ.ಜಿ.ಎಫ್. ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವಾಗ ಗಾಜಿನ ಜಾಡಿಯಲ್ಲಿ ಮಾಡಿ ನೋಡಿದ ಪ್ರಯೋಗ ಅದು. ನೀರು ಕೊಳವೆಯ ಬಾಗನ್ನು ದಾಟುವವರೆಗೆ ಸುಮ್ಮನಿರುತ್ತದೆ. ಒಮ್ಮೆ ದಾಟಿತೋ, ಹಿಂದಿನ ನೀರನ್ನೆಲ್ಲ ತನ್ನ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಅಂದು ಅದು ಪರೀಕ್ಷೆಗೆ ಬೇಕಾದ ಸೈಫನ್, ಅಷ್ಟೆ. ಅದು ಒಂದು ದಿನ ತನ್ನ ತೋಟ ಉಳಿಸಬೇಕಾಗಬಹುದೆಂದು ಆಗ ಯಾರಿಗೆ ಗೊತ್ತಿತ್ತು?

ತೋಟ ಎಂದರೆ ಐದು ಗುಂಟೆ ವೀಳ್ಯದೆಲೆ. ಅಗಸೆ ಮರಗಳ ಸಾಲು, ಮರಕ್ಕೊಂದು ಬಳ್ಳಿ. ಮದುವೆಯಾಗಿ ಬಂದ ಮೇಲೆ ತವರಿನಿಂದ ಬಳ್ಳಿ ತಂದು ನೆಟ್ಟವಳು ಅವಳೇ. ಅಣ್ಣತಮ್ಮಂದಿರ ಪಾಲಾದಾಗ ಹೊಲ, ಮಾವಿನ ತೋಪು ಅಣ್ಣ ಕೋದಂಡಪ್ಪನಿಗೆ ಹೋದವು. ಬಾವಿಯ ಪಕ್ಕದ ಈ ತುಂಡು ಬಚ್ಚಪ್ಪನಿಗೆ ಬಂತು. ಆಗ ಅಲ್ಲಿ ಜಾಲಿ ಬಿಟ್ಟು ಬೇರೆ ಏನೂ ಇರಲಿಲ್ಲವಾದ್ದರಿಂದ ಕೋದಂಡಪ್ಪ ಚಕಾರವೆತ್ತಿರಲಿಲ್ಲ. ಬಳ್ಳಿ ಮೇಲೆದ್ದು, ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ರತ್ನಮ್ಮನ ಎಲೆ ಎಂದು ಕೇಳಿ ಕೊಳ್ಳುವಂತಾದ ಮೇಲೆ ಅವನ ಕಣ್ಣು ಅತ್ತ ಹೊರಳಿತು.

ಎಲೆತೋಟಕ್ಕೆ ನೇಮ ಇದೆ. ಚಪ್ಪಲಿ ಬೇಲಿಯ ಹೊರಗೆ. ಬಾಗಿಲ ಬಳಿ ಮುನೇಶ್ವರನ ಕಲ್ಲು. ಕೈ ಮುಗಿದೇ ಒಳಗೆ ಕಾಲಿಡಬೇಕು. ಹೊರಗಾದ ಹೆಂಗಸು ಆ ಮೂರು ದಿನ ಬೇಲಿಯ ನೆರಳನ್ನೂ ಸೋಕಬಾರದು. ಸೋಕಿದರೆ ಎಲೆ ಹಳದಿಯಾಗಿ ಉದುರುತ್ತದೆ. ಇದು ಊರಿಗೆ ಊರೇ ನಂಬಿದ ಮಾತು. ಆ ದಿನಗಳಲ್ಲಿ ಬಳ್ಳಿಗಳಿಗೆ ನೀರು ಚೆಲ್ಲಲು ಚಿಕ್ಕಮುನಿಯಪ್ಪ ಎಂಬ ಆಳು ಬರುತ್ತಿದ್ದ. ಆ ವರ್ಷ, ಅಂದರೆ ಎಂಬತ್ತಾರನೇ ಇಸವಿಯ ಬೇಸಿಗೆಗೆ ಮುಂಚೆ, ಅವನು ಮಗಳ ಮನೆ ಸೇರಿದ. ತಿಂಗಳಿಗೆ ಮೂರೇ ದಿನದ ಕೂಲಿಗೆ ಇನ್ನೊಬ್ಬ ಯಾರು ಬರುತ್ತಾನೆ? ಅತ್ತೆ ಮುತ್ಯಾಲಮ್ಮನ ಮಂಡಿ ಬಗ್ಗುವುದಿಲ್ಲ. ಶಿವರಾತ್ರಿ ಕಳೆದ ತಿಂಗಳು ಬಳ್ಳಿಯ ತುದಿಗಳು ಮೂರು ದಿನ ಒಣಗಿ ಜೋತುಬಿದ್ದವು.

ಕೋದಂಡಪ್ಪ ಅದಕ್ಕೇ ಕಾದಿದ್ದವನಂತೆ ಬಂದು ಜಗಲಿಯ ಮೇಲೆ ಕೂತಿದ್ದ.

"ನೋಡು ರತ್ನಮ್ಮ, ನೀನು ಓದಿದೋಳು, ನಿಂಗೆ ಬಿಡಿಸಿ ಯೋಳಬೇಕಾ? ಎಲೆತ್ವಾಟ ಗಂಡಸಿನ ಬದುಕು. ಬಚ್ಚ ಊರಾಗಿಲ್ಲ. ತಿಂಗಳು ತಿಂಗಳೂ ಬಳ್ಳಿ ಬಾಯಾರ್ಕೊಂಡು ಸಾಯ್ಬೇಕಾ? ನಂಗೆ ಪಾಲಿಗೆ ಬಿಡು. ಎಲೆಯಾಗೆ ಅರ್ಧ ನಿಮ್ಮ ಮನೆಗೆ ಬತ್ತದೆ."

"ಆ ಮೂರು ದಿನ ನೀವೇ ಬಂದು ನೀರು ಚೆಲ್ಲಿ ಓಗಿ ಭಾವ, ಅದೇ ದೊಡ್ಡ ಉಪಕಾರ."

"ನಾನೇನು ಆಳಾ?" ಎಂದು ಅವನು ನಕ್ಕ. "ಬಿಎಸ್ಸಿ ಓದಿ ಎಲೆ ಕೊಯ್ಯೋಕೆ ನಿಂಗೂ ಬ್ಯಾಸರ ಆಗಲ್ವಾ? ಯೋಚನೆ ಮಾಡು. ಈ ಬ್ಯಾಸಗೆ ಕಳೀಲಿ. ಬಳ್ಳಿ ಒಣಗಿದ್ರೆ ಮಾತ್ರ ನಾನು ಸುಮ್ಕಿರಲ್ಲ. ನಮ್ಮಪ್ಪನ ಭೂಮಿ ಅದು."

ಪಾಲಿಗೆ ಬಿಟ್ಟ ಭೂಮಿ ಮತ್ತೆ ಕೈಗೆ ಬರುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಬಳ್ಳಿ ಒಣಗಬಾರದು, ತಾನು ಒಳಗೆ ಕಾಲಿಡಬಾರದು. ಎರಡೂ ಒಟ್ಟಿಗೆ ಆಗಬೇಕು. ಸ್ಟೇಷನ್ನಿನ ಮೂತ್ರಾಲಯ ಅದಕ್ಕೆ ದಾರಿ ತೋರಿಸಿತ್ತು.

ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನಲ್ಲಿ ಆರುಮುಗಂ ಎಂಬ ನಿವೃತ್ತ ಗಣಿ ಫಿಟ್ಟರು ಮನೆಯ ಮುಂದೆ ಹಳೇ ಪೈಪು, ವಾಲ್ವು, ಡ್ರಮ್ಮು ಗುಡ್ಡೆ ಹಾಕಿಕೊಂಡು ಮಾರುತ್ತಿದ್ದ. ವೆಂಕಟರತ್ನಮ್ಮ ಹೋಗಿ ಒಂದು ತಗಡಿನ ಡ್ರಮ್ಮು, ಒಂದು ನಲ್ಲಿ, ಕಪ್ಪು ಪ್ಲಾಸ್ಟಿಕ್ ಪೈಪಿನ ಸುರುಳಿಗಳು, ಮೊಣಕೈಯಂತೆ ಬಗ್ಗಿದ ಎರಡು ಜೋಡಣೆ ಕೇಳಿದಳು.

"ಎದುಕ್ಕುಮ್ಮಾ ಇದೆಲ್ಲ? ಮನೇಲಿ ಬಾತ್ರೂಮಾ?"

"ತೋಟಕ್ಕೆ. ನೀರು ತಾನೇ ಓಗೋ ಹಂಗೆ."

"ಮೋಟಾರ್ ಬೇಡ್ವಾ? ಕರೆಂಟ್ ಬೇಡ್ವಾ?"

"ತೊಟ್ಟಿ ತುಂಬ್ಸೋಕೆ ಮೋಟಾರ್ ಇದೆ. ಇದಕ್ಕೆ ಏನೂ ಬೇಡ."

"ಅಯ್ಯಯ್ಯೋ," ಎಂದು ಆರುಮುಗಂ ಕೈ ಮೇಲೆತ್ತಿದ. "ಮೈನ್ಸ್ ಕೆಳಗೆ ಮೂವತ್ತು ವರ್ಷ ನೀರು ಎತ್ತಿದೀನಿ ಅಮ್ಮಾ. ತಳ್ಳದೇ ಹೋಗೋ ನೀರು ನಾನು ನೋಡೇ ಇಲ್ಲ. ವಾಪಸ್ ತಂದ್ರೆ ನಾನು ತಗೊಳಲ್ಲ, ಈಗ್ಲೇ ಹೇಳ್ಬಿಟ್ಟೆ."

ಡ್ರಮ್ಮು ಬಸ್ಸಿನ ಮೇಲೇರಿ ಊರಿಗೆ ಬಂತು. ಬೇಲಿಯ ಹೊರಗೆ, ಬಾವಿಯ ದಿಬ್ಬದ ಮೇಲೆ ಸಿಮೆಂಟಿನ ತೊಟ್ಟಿ ಮೊದಲೇ ಇತ್ತು. ಅದರ ಕೆಳಗೆ, ಆದರೆ ತೋಟಕ್ಕಿಂತ ಎತ್ತರದಲ್ಲಿ, ಕಲ್ಲು ಜೋಡಿಸಿ ಡ್ರಮ್ಮು ಕೂರಿಸಿದಳು. ತೊಟ್ಟಿಯ ನಲ್ಲಿಯನ್ನು ಒಂದಿಷ್ಟೇ ತಿರುಗಿಸಿದರೆ ಡ್ರಮ್ಮು ಮೆಲ್ಲಗೆ ತುಂಬಬೇಕು. ತುಂಬಿದ ಮೇಲೆ ಬಗ್ಗಿದ ಕೊಳವೆಯಿಂದ ಒಮ್ಮೆಲೇ ಸುರಿದು ಪೈಪುಗಳಿಗೆ ಹೋಗಬೇಕು. ಸಣ್ಣಗೆ ತೊಟ್ಟಿಕ್ಕುವ ನೀರು ಹತ್ತಿರದ ಬಳ್ಳಿಗಳಲ್ಲೇ ಮುಗಿದುಹೋಗುತ್ತದೆ. ಒಮ್ಮೆಲೇ ಸುರಿದರೆ ಮಾತ್ರ ಕೊನೆಯ ಬಳ್ಳಿಯವರೆಗೂ ತಲುಪುತ್ತದೆ. ಲೆಕ್ಕ ಸರಿಯಿತ್ತು.

ಡ್ರಮ್ಮು ತುಂಬಿತು. ನೀರು ಬಾಗಿನ ಎತ್ತರಕ್ಕೆ ಬಂತು. ಆಮೇಲೆ ಕೊಳವೆಯೊಳಗೆ ಸಣ್ಣ ಎಳೆಯಾಗಿ, ಮೂಗು ಸೋರಿದ ಹಾಗೆ ಸೋರತೊಡಗಿತು. ಸುರಿಯಲಿಲ್ಲ. ಸಂಜೆಯವರೆಗೂ ಸೋರುತ್ತಲೇ ಇತ್ತು.

ಮುತ್ಯಾಲಮ್ಮ ಕೋಲೂರಿಕೊಂಡು ಬಂದು ನೋಡಿದಳು. "ಇದೇನೇ ರತ್ನಾ ಇದು?"

"ಸ್ಟೇಷನ್ನಾಗೆ ಐತಲ್ಲ ಅತ್ತೆಮ್ಮಾ, ತಾನೇ ನೀರು ಬಿಟ್ಕೊಳ್ಳೋದು..."

"ಕಕ್ಕಸ್ಸಿಂದಾ? ಕಕ್ಕಸ್ಸಿನ ಯಂತ್ರ ತಂದು ಮುನೇಶ್ವರನ ತ್ವಾಟಕ್ಕೆ ಆಕ್ತಾ ಇದ್ದೀಯಾ? ಅಯ್ಯೋ ದೇವುಡಾ!"

"ಯಂತ್ರ ಬೇಲಿ ಆಚೆಗೆ ಐತೆ ಅತ್ತೆಮ್ಮಾ. ನೀರು ನಮ್ಮ ಬಾವೀದೇ."

ಮುದುಕಿ ಕೋಲಿನಿಂದ ಕೊಳವೆಯನ್ನು ತಟ್ಟಿ ನೋಡಿದಳು. "ಅದೂ ಸೋರ್ತಾ ಐತಲ್ಲೇ," ಎಂದು ಹೊರಟುಹೋದಳು.

ಸೊಸೆಗೆ ಆ ಮಾತು ಬೈಗುಳಕ್ಕಿಂತ ಚುಚ್ಚಿತು. ಕೂತು ಯೋಚಿಸಿದಳು. ಕಾಲೇಜಿನ ಜಾಡಿಗೆ ನಲ್ಲಿಯನ್ನು ಪೂರ್ತಿ ಬಿಟ್ಟಿದ್ದರು. ಆ ರಭಸಕ್ಕೆ ಕೊಳವೆಯೊಳಗಿನ ಗಾಳಿ ಕೊಚ್ಚಿಹೋಗುತ್ತಿತ್ತು. ಇಲ್ಲಿ ನೀರು ಬರುವುದೇ ಹನಿ ಹನಿ. ನೀರಿನ ಎಳೆ ಒಂದು ಬದಿಯಲ್ಲಿ ಇಳಿಯುತ್ತದೆ, ಇನ್ನೊಂದು ಬದಿಯಲ್ಲಿ ಗಾಳಿ ಆರಾಮವಾಗಿ ಮೇಲಕ್ಕೆ ಬರುತ್ತದೆ. ಗಾಳಿ ಹಿಂದೆ ಬರದಂತೆ ತಡೆಯಬೇಕು, ಅಷ್ಟೇ. ಬಗ್ಗಿದ ಕೊಳವೆ ಕಿತ್ತು ಹಾಕಿದಳು. ಡ್ರಮ್ಮಿನ ತಳದಿಂದ ಒಂದು ನೆಟ್ಟಗಿನ ಪೈಪು ನಿಲ್ಲಿಸಿ, ಅದರ ಮೇಲೆ ಹಾಲಿನ ಪುಡಿಯ ತಗಡಿನ ಡಬ್ಬಿಯನ್ನು ಬೋರಲು ಹಾಕಿದಳು. ಡಬ್ಬಿಯ ಅಂಚಿನಲ್ಲಿ ನೀರು ಒಳನುಗ್ಗಲು ಕತ್ತರಿಯಿಂದ ಹಲ್ಲು ಕತ್ತರಿಸಿದಳು. ಡ್ರಮ್ಮಿನ ಕೆಳಗೆ ಪೈಪಿನ ಬಾಯನ್ನು ಒಂದು ನೀರು ತುಂಬಿದ ಮಡಕೆಯಲ್ಲಿ ಮುಳುಗಿಸಿ, ಮಡಕೆಯ ಮೇಲಂಚಿನಿಂದ ನೀರು ತೋಟದ ಪೈಪಿಗೆ ಹೋಗುವಂತೆ ಮಾಡಿದಳು. ಬಾಯಿ ನೀರಿನಲ್ಲಿದ್ದರೆ ಗಾಳಿ ಎಲ್ಲಿಂದ ಬರಬೇಕು?

ಈ ಸಲ ನೀರು ಮೇಲೇರಿತು, ಒಂದು ಗಳಿಗೆ ತಡೆಯಿತು, ಭರ್ರೆಂದು ಇಳಿಯಿತು. ಡ್ರಮ್ಮು ತಳ ಕಾಣುವಷ್ಟು ಬರಿದಾಗಿ, ಡಬ್ಬಿಯ ಹಲ್ಲುಗಳಿಗೆ ಗಾಳಿ ಸಿಕ್ಕಿ, "ಗೊಳ್ ಗೊಳ್ ಗೊಳ್" ಎಂದು ಬಾವಿಯ ಗೋಡೆ ಪ್ರತಿಧ್ವನಿಸುವಂತೆ ಕೂಗಿ ನಿಂತಿತು. ಮತ್ತೆ ತುಂಬತೊಡಗಿತು. ಸುತ್ತ ಯಾರೂ ಇರಲಿಲ್ಲ. ಅವಳು ಒಬ್ಬಳೇ ಕೈ ಚಪ್ಪಾಳೆ ತಟ್ಟಿದಳು.

ಉಳಿದದ್ದು ನೀರನ್ನು ಸಮನಾಗಿ ಹಂಚುವ ಕೆಲಸ. ಕಾಯಿಸಿದ ದಬ್ಬಳದಿಂದ ಪೈಪಿಗೆ ಬಳ್ಳಿಗೊಂದು ತೂತು ಹಾಕಿದಳು. ಮೊದಲ ಬಳ್ಳಿಗಳಿಗೆ ಜಾಸ್ತಿ, ಕೊನೆಯವಕ್ಕೆ ಕಡಿಮೆ ಆಗುತ್ತದೆಂಬ ಅನುಮಾನವಿತ್ತು. ಮನೆಯ ಕಾಫಿ ಲೋಟಗಳನ್ನೆಲ್ಲ ತಂದು ತೂತುಗಳ ಕೆಳಗೆ ಒಂದೊಂದಾಗಿ ಇಟ್ಟು ಒಂದು ಡ್ರಮ್ಮು ಬಿಟ್ಟಳು. ಅನುಮಾನ ನಿಜವಾಯಿತು: ತಲೆಗಡೆಯ ಲೋಟ ತುಂಬಿ ಚೆಲ್ಲಿತು, ಕೊನೆಯದರಲ್ಲಿ ತಳ ಮುಳುಗಲೂ ಇಲ್ಲ. ತಲೆಗಡೆಯ ತೂತುಗಳಿಗೆ ಬಟ್ಟೆಯ ಪಟ್ಟಿ ಬಿಗಿದಳು, ಕೊನೆಯ ತೂತುಗಳನ್ನು ಸ್ವಲ್ಪ ಹಿಗ್ಗಿಸಿದಳು, ಮತ್ತೆ ಲೋಟ ಇಟ್ಟಳು. ಎಲ್ಲ ಲೋಟದಲ್ಲೂ ನೀರು ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬರುವ ಹೊತ್ತಿಗೆ, ಬಂದ ನೆಂಟರಿಗೆ ಕಾಫಿ ಕೊಡಲು ಮನೆಯಲ್ಲಿ ಲೋಟವಿಲ್ಲವೆಂದು ಮುತ್ಯಾಲಮ್ಮ ಬೇಲಿಯಾಚೆಯಿಂದ ಕೂಗುತ್ತಿದ್ದಳು.

ಅತ್ತೆ ಒಂದು ಮಾತಿಗೆ ಮಾತ್ರ ಪಟ್ಟು ಹಿಡಿದಳು. ಬಾಕಿ ದಿನ ಬಳ್ಳಿಗೆ ಕೈಯಿಂದಲೇ ನೀರು ಚೆಲ್ಲಬೇಕು. ಯಂತ್ರ ಆ ಮೂರು ದಿನಕ್ಕೆ ಮಾತ್ರ. ವೆಂಕಟರತ್ನಮ್ಮ ಒಪ್ಪಿದಳು. ಆ ದಿನಗಳು ಬಂದಾಗ ಅತ್ತೆ ನಲ್ಲಿ ತಿರುಗಿಸಿದಳು, ಇವಳು ಹಿತ್ತಲ ಜಗಲಿಯ ಮೇಲೆ ಕೂತುಕೊಂಡೇ ಅದರ ಸದ್ದು ಕೇಳಿದಳು. ಹಗಲಿಗೆ ನಾಲ್ಕೈದು ಸಲ ಡ್ರಮ್ಮು ತುಂಬಿತು, ಸುರಿಯಿತು, ಕೂಗಿತು. ಬಳ್ಳಿಯ ತುದಿ ಒಂದೂ ಬಾಗಲಿಲ್ಲ. ಮುಂದಿನ ತಿಂಗಳೂ ಹಾಗೆಯೇ. ಕೋದಂಡಪ್ಪ ಬೇಲಿಯ ಸುತ್ತ ಒಂದು ಸುತ್ತು ಬಂದು ಹೋದ. ಗೆದ್ದೆ ಎಂದುಕೊಂಡಳು.

ಮತ್ತೆ ಮನೆಯೊಳಗೆ ಬಂದ ದಿನ ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದಾಗ ಗೊತ್ತಾಯಿತು ತಾನೇನು ಮಾಡಿಟ್ಟಿದ್ದೇನೆಂದು. ಹಾಲು ಅಳೆಯುವ ಸೊಣ್ಣಪ್ಪ ಅವಳ ಕ್ಯಾನು ನೋಡಿ ಹಲ್ಲು ಬಿಟ್ಟ.

"ಬನ್ನಿ ರತ್ನಮ್ಮಾ. ನಿನ್ನೆ ಸಂಜೆಯಿಂದ ನಿಮ್ಮ ಡ್ರಮ್ಮು ಗೊಳಗೊಳ ಅಂತಿಲ್ಲ, ಇವತ್ತು ನೀವೇ ಬತ್ತೀರ ಅಂದ್ಕೊಂಡಿದ್ದೆ."

ಸಾಲಿನಲ್ಲಿದ್ದ ಗಂಡಸರು ನೆಲ ನೋಡುತ್ತ ನಕ್ಕರು. ಹಿಂದಿನಿಂದ ಯಾರೋ ಒಬ್ಬ, "ಪಂಚಾಂಗ ಯಾಕ್ಲಾ ಬೇಕು ನಮ್ಮೂರಿಗೆ!" ಎಂದ. ನಗು ಇನ್ನೂ ಜೋರಾಯಿತು.

ಯಾವ ಮನೆಯ ಹೆಂಗಸು ಯಾವಾಗ ಹೊರಗೆ ಕೂತಿದ್ದಾಳೆಂದು ಓಣಿಯ ಹೆಂಗಸರಿಗೆ ಗೊತ್ತಿರುತ್ತದೆ. ಅದು ಅವರ ಅವರ ನಡುವಿನ ಮಾತು. ಡೈರಿಯ ಗಂಡಸರ ಬಾಯಿಗೆ ಅದನ್ನು ಹಾಕಿದ್ದು ಅವಳೇ ಕಟ್ಟಿದ ಡ್ರಮ್ಮು. ಎತ್ತರ, ಇಳಿಜಾರು, ಗಾಳಿ, ತೂತಿನ ಗಾತ್ರ ಎಲ್ಲ ಯೋಚಿಸಿದ್ದವಳು ಇದೊಂದನ್ನು ಯೋಚಿಸಿರಲಿಲ್ಲ. ತಿಂಗಳು ತಿಂಗಳೂ ಅದು ಬಾವಿ ದಿಬ್ಬದ ಮೇಲೆ ನಿಂತು ಊರಿಗೆಲ್ಲ ಡಂಗುರ ಸಾರಿತ್ತು.

"ಹಾಲು ಅಳೀರಿ ಸೊಣ್ಣಪ್ಪ," ಎಂದಳು. "ನೀರು ಅಳೆಯೋದು ನಂಗೆ ಬಿಡಿ."

ಡೈರಿಯಿಂದ ನೇರ ದಿಬ್ಬಕ್ಕೆ ಬಂದಳು. ಕಿವಿ ಇನ್ನೂ ಬಿಸಿಯಾಗಿತ್ತು. ಸದ್ದು ನಿಲ್ಲಿಸುವುದು ಏನೂ ಕಷ್ಟವಿರಲಿಲ್ಲ. ಡಬ್ಬಿಗೆ ಒಂದು ಸಣ್ಣ ನಳಿಗೆ ಸೇರಿಸಿದರೆ ಗಾಳಿ ಗೊಳಗುಡದೆ ಒಳಗೆ ಬರುತ್ತದೆ. ಇಕ್ಕಳ ಕೈಗೆತ್ತಿಕೊಂಡವಳು ಹಾಗೇ ಕೂತಳು. ಸದ್ದು ಮುಚ್ಚಿಟ್ಟರೆ ಯಾರ ಮಾತು ಗೆದ್ದ ಹಾಗೆ? ಡೈರಿಯವರ ಮಾತು. ನಾಚಿಕೆಪಡುವಂಥದ್ದೇನೋ ಇತ್ತು, ಅದನ್ನು ಅಡಗಿಸಿದೆ ಎಂದಾಗುತ್ತದೆ. ಇಷ್ಟಕ್ಕೂ ತಪ್ಪು ಸದ್ದಿನದಲ್ಲ. ಬಾಕಿ ದಿನ ಇಲ್ಲದ್ದು ಆ ದಿನ ಮಾತ್ರ ಕೇಳಿದ್ದರಿಂದ ತಾನೇ ಊರಿಗೆ ತಿಳಿದದ್ದು? ದಿನಾ ಕೇಳುವ ಸದ್ದಿನಿಂದ ಯಾರಿಗೆ ಏನು ತಿಳಿಯುತ್ತದೆ?

ಇಕ್ಕಳ ಕೆಳಗಿಟ್ಟು ನಲ್ಲಿ ತಿರುಗಿಸಿದಳು. ಆ ದಿನದಿಂದ ಡ್ರಮ್ಮು ನಿಲ್ಲಲಿಲ್ಲ.

"ಕೈನೀರು ಎಲ್ಲೋಯ್ತೇ?" ಎಂದು ಅತ್ತೆ ಕೇಳಿದಳು.

"ಕೈಗೆ ಬ್ಯಾರೆ ಕೆಲಸ ಐತೆ ಅತ್ತೆಮ್ಮಾ."

ಅದು ಸುಳ್ಳಲ್ಲ. ದಿನಾ ಓಡುವ ಪೈಪಿಗೆ ದಿನಾ ಕೆಲಸವಿತ್ತು. ಬಾವಿ ನೀರಿನ ಕೆಂಪು ಮಣ್ಣು ತೂತುಗಳಲ್ಲಿ ಕೂತುಬಿಡುತ್ತಿತ್ತು. ಒಂದೊಂದನ್ನೂ ಸೂಜಿ ಹಾಕಿ ಬಿಡಿಸಬೇಕು. ಇಲ್ಲದಿದ್ದರೆ ಆ ಬಳ್ಳಿಗೆ ನೀರಿಲ್ಲ. ತಾನೇ ಓಡುವ ಯಂತ್ರಕ್ಕೂ ಅದರ ಬೆನ್ನು ಹತ್ತಿ ಓಡಾಡುವ ಒಬ್ಬರು ಬೇಕು ಎಂಬುದು ಅವಳಿಗೆ ಆಗ ತಿಳಿಯಿತು. ಆ ಮೂರು ದಿನ ಮಣ್ಣು ಸುಮ್ಮನಿರುತ್ತದೆಯೇ?

ಮತ್ತೆ ಹೊರಗಾದ ದಿನ ಬೆಳಿಗ್ಗೆ ಸ್ನಾನ ಮಾಡಿ, ಹಿತ್ತಲ ಜಗಲಿಯ ಕಡೆಗೆ ಹೋಗದೆ, ಸೂಜಿ ಹಿಡಿದು ಅತ್ತೆಯ ಮುಂದೆ ನಿಂತಳು.

"ಅತ್ತೆಮ್ಮಾ, ಇವತ್ತು ನಾನು ಒರಗೆ. ತ್ವಾಟಕ್ಕೆ ಓಗ್ತಾ ಇದೀನಿ."

ಮುತ್ಯಾಲಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಹಾಗೇ ನಿಲ್ಲಿಸಿದಳು. "ತಲೆ ಕೆಟ್ಟೈತೇನೇ?"

"ಕದ್ದು ಓಗಬೋದಿತ್ತು. ನಿಮಗೆ ಯೋಳಿ ಓಗ್ತಾ ಇದೀನಿ. ಎಲೆ ಉದುರಿದ್ರೆ ಭಾವನಿಗೆ ನಾನೇ ತ್ವಾಟ ಬಿಟ್ಕೊಡ್ತೀನಿ, ನೀವೇ ಸಾಕ್ಷಿ. ಉದುರದಿದ್ರೆ ಅದಕ್ಕೂ ನೀವೇ ಸಾಕ್ಷಿ."

ಮುದುಕಿ ಕೋಲೂರಿ ಹಿಂದೆಯೇ ಬಂದಳು. ಕೂಗಿದರೆ ಓಣಿಗೆ ಕೇಳುತ್ತದೆ, ಕೂಗಲಿಲ್ಲ. ಬಾಗಿಲಿಗೆ ಕೋಲು ಅಡ್ಡ ಹಿಡಿದಳು. ಸೊಸೆ ಕೋಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮುನೇಶ್ವರನಿಗೆ ಎಂದಿನಂತೆ ಕೈ ಮುಗಿದು, ಒಳಗೆ ಹೋದಳು. ಸಾಲು ಸಾಲಾಗಿ ಬಗ್ಗಿ ತೂತು ಬಿಡಿಸುತ್ತ ಹೋದಳು. ಎದೆ ಹೊಡೆದುಕೊಳ್ಳುತ್ತಿತ್ತು. ಬಿ.ಎಸ್‌ಸಿ. ಓದಿದವಳೆಂದು ಎದೆಗೆ ಗೊತ್ತಿರಲಿಲ್ಲ. ಮೊದಲ ಬಳ್ಳಿಯನ್ನು ಮುಟ್ಟುವಾಗ ಬೆರಳು ಹಿಂದೆ ಸರಿಯಿತು, ಬಲವಂತದಿಂದ ಮುಟ್ಟಿದಳು. ಹತ್ತನೆಯ ಬಳ್ಳಿಯ ಹೊತ್ತಿಗೆ ಅದು ಬರೀ ಬಳ್ಳಿಯಾಗಿತ್ತು.

ಹೊರಬಂದಾಗ ಮುತ್ಯಾಲಮ್ಮ ಅಲ್ಲೇ ಕಲ್ಲಿನ ಮೇಲೆ ಕೂತಿದ್ದಳು. ಆಮೇಲೆ ಪ್ರತಿದಿನ ಬಾಗಿಲಿಗೆ ಬಂದು ಎಲೆ ನೋಡಿದಳು. ಕೈಗೆಟಕುವ ಎಲೆ ಹಿಡಿದು, ಮಗುಚಿ, ಬೆಳಕಿಗೆ ಒಡ್ಡಿ ನೋಡಿದಳು. ಒಂದು ದಿನ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದಳು. ಅದು ಅಮಾವಾಸ್ಯೆಯ ನಂತರ. ಆ ಹೊತ್ತಿಗೆ ಇನ್ನೊಂದು ಸರದಿಯೂ ಕಳೆದಿತ್ತು.

ಕೋದಂಡಪ್ಪನಿಗೆ ಯಾರು ಹೇಳಿದರೋ. ಓಣಿಯ ಹೆಂಗಸರಿಗೆ ಹಿತ್ತಲ ಜಗಲಿ ಎರಡು ತಿಂಗಳಿಂದ ಖಾಲಿ ಇರುವುದು ಕಂಡಿರಬೇಕು. ಒಂದು ಬೆಳಿಗ್ಗೆ ಅವನು ಚಪ್ಪಲಿ ಬಿಸಾಕಿ ತೋಟಕ್ಕೇ ನುಗ್ಗಿ ಬಂದ.

"ನಮ್ಮ ವಂಶ ಹಾಳು ಮಾಡ್ತಾ ಇದ್ದೀಯಾ ನೀನು? ದಿನಾ ಒಳಕ್ಕೆ ಬತ್ತೀಯಂತೆ? ಒರಗಾದಾಗ್ಲೂ ಬತ್ತೀಯಂತೆ?"

"ಬತ್ತೀನಿ ಭಾವ."

ಅವನು ತಬ್ಬಿಬ್ಬಾದ. ಇಲ್ಲ ಎನ್ನುತ್ತಾಳೆ, ಅಳುತ್ತಾಳೆ, ಆಮೇಲೆ ತಾನು ಕೂಗಾಡಬೇಕು ಎಂದು ತಯಾರಾಗಿ ಬಂದಿದ್ದ.

"ಬಂದ್ರೆ ಎಲೆ ಯೋಳ್ತದೆ!" ಎಂದ ಕೊನೆಗೆ. "ಎಲೆ ಮುಚ್ಚಿಡಲ್ಲ!"

"ಸರಿ. ಎಲೇನೇ ಯೋಳ್ಲಿ. ಓದ ತಿಂಗಳಿಂದ ಇವತ್ತಿನವರೆಗೆ ನಾನು ಒರಗಾಗಿ ಒಳಗೆ ಬಂದಿದ್ದು ಯಾವತ್ತು ಅಂತ ಎಲೆ ನೋಡಿ ಯೋಳಿ. ಅತ್ತೆಮ್ಮನಿಗೆ ಗೊತ್ತೈತೆ. ನೀವು ಯೋಳಿದ ದಿನ ಸರಿ ಅಂತ ಅವರಂದ್ರೆ ಇವತ್ತೇ ತ್ವಾಟ ನಿಮ್ಮದು, ಪಾಲೂ ಬ್ಯಾಡ. ತಪ್ಪಾದ್ರೆ ಮತ್ತೆ ನನ್ನ ತ್ವಾಟದ ಮಾತು ಎತ್ತಬಾರ್ದು."

ಕೋದಂಡಪ್ಪ ತಾಯಿಯ ಕಡೆ ನೋಡಿದ. ಬಾಗಿಲಲ್ಲಿ ನಿಂತ ಮುತ್ಯಾಲಮ್ಮ ಎಲೆ ಅಗಿಯುತ್ತಿದ್ದಳು. ಅವನು ಸಾಲುಗಳ ನಡುವೆ ನಡೆದ. ಅನುಭವಸ್ಥನಂತೆ ಎಲೆ ಸವರಿದ, ಮಣ್ಣು ಮೂಸಿದ. ಎಲ್ಲ ಕಡೆಯೂ ಬಳ್ಳಿ ಕಪ್ಪುಹಸಿರಾಗಿ ತುಂಬಿಕೊಂಡಿತ್ತು. ಮೂಲೆಯ ಕೊನೆಯ ಸಾಲಿನಲ್ಲಿ ಅವನ ಮುಖ ಬೆಳಗಿತು. ಅಲ್ಲಿ ನಾಲ್ಕೈದು ಎಲೆ ಹಳದಿಯಾಗಿದ್ದವು.

"ಇಲ್ಲಿ ನೋಡವ್ವಾ! ಇದು ಎಂಟು ದಿನದ ಬಣ್ಣ. ಓದ ಶುಕ್ರವಾರ. ಶುಕ್ರವಾರ ಬಂದವ್ಳೆ, ಈ ಮೂಲೆಯಾಗೇ ನಿಂತವ್ಳೆ."

ಆ ಎಲೆಗಳು ಯಾಕೆ ಹಳದಿಯಾದವೆಂದು ವೆಂಕಟರತ್ನಮ್ಮನಿಗೆ ಗೊತ್ತಿತ್ತು: ಕೊನೆಯ ತೂತನ್ನು ಹಿಗ್ಗಿಸಿದ್ದು ಹೆಚ್ಚಾಗಿ ಅಲ್ಲಿ ನೀರು ನಿಲ್ಲುತ್ತಿತ್ತು. ದಿನವೂ ತಪ್ಪೆಂದು ಅವಳಿಗೆ ಗೊತ್ತು. ಆದರೆ ಅದನ್ನು ಹೇಳಬೇಕಾದವಳು ಅತ್ತೆ. ಹಿರೀ ಮಗನ ಎದುರಿಗೆ, ತಾನು ಹುಟ್ಟಿದಾಗಿನಿಂದ ನಂಬಿದ ಮಾತಿನ ಎದುರಿಗೆ ಅತ್ತೆ ಏನು ಹೇಳುತ್ತಾಳೆ? ಮುದುಕಿ ಒಂದು ಹೂಂ ಅಂದರೆ ಸಾಕು, ತೋಟ ಹೋಯಿತು.

ಮುತ್ಯಾಲಮ್ಮ ಬೇಲಿಯಾಚೆ ತಿರುಗಿ ಎಲೆಯ ರಸ ಉಗಿದಳು.

"ಶುಕ್ರವಾರ ಮುನೇಶ್ವರಂಗೆ ದೀಪ ಅಚ್ಚಿ ಬಾ ಅಂತ ನಾನೇ ಕಳಿಸಿದ್ದು ಕಣ್ಲಾ ಅವಳನ್ನ. ಒರಗಾಗಿದ್ರೆ ಕಳಿಸ್ತಿದ್ನಾ?"

"ಮತ್ತೆ ಯಾವತ್ತು ಬಂದಿದ್ದು?"

"ನನ್ನೇನು ಕೇಳ್ತೀಯಾ? ಎಲೆ ಯೋಳ್ತದೆ ಅಂದ್ಯಲ್ಲ, ಎಲೇನೇ ಕೇಳು."

ಕೋದಂಡಪ್ಪ ಹಳದಿ ಎಲೆಯನ್ನು ಕೆಳಗೆ ಹಾಕಿ ದನಿ ಇಳಿಸಿದ. ಅವನು ಕೆಟ್ಟವನೇನೂ ಅಲ್ಲ. ಊರಿನಲ್ಲಿ ತಲೆಯೆತ್ತಿ ಓಡಾಡಬೇಕಾದವನು.

"ಆಯ್ತು ತಾಯಿ, ತ್ವಾಟ ನೀನೇ ಮಾಡ್ಕೋ. ಆದ್ರೆ ಒಂದು ಮಾತು. ಮಿಸಿನ್ನು ಐತಲ್ಲ, ಎಂಗೂ ತಾನೇ ಓಡ್ತದೆ. ಆ ದಿನ ಅದೇ ನೀರು ಬಿಡ್ತದೆ, ನಮ್ಮ ರತ್ನಮ್ಮ ಒಳಕ್ಕೆ ಓಗಲ್ಲ ಅಂತ ಊರಾಗೆ ಯೋಳೋಣ. ನೀನು ಏನಾದ್ರೂ ಮಾಡ್ಕೋ, ಬಾಯ್ ಬಿಡಬ್ಯಾಡ. ಆಂಡರ್ಸನ್‌ಪೇಟೆ ಅಂಗಡಿ ಕುಪ್ಪುಸ್ವಾಮಿ ಕಿವಿಗೆ ಬಿದ್ರೆ ನಿನ್ನ ಎಲೆ ಮೂಸೂ ನೋಡಲ್ಲ. ದೇವಸ್ಥಾನಕ್ಕೆ ಎಲೆ ಕೊಡೋ ಅಂಗಡಿ ಅದು."

"ಅದು ಸರಿಯಾದ ಮಾತೇ ರತ್ನಾ," ಎಂದಳು ಮುತ್ಯಾಲಮ್ಮ ಕೂಡ. "ಒಪ್ಕೋ."

ಒಪ್ಪಿಕೊಳ್ಳುವುದು ಸುಲಭವಿತ್ತು. ಡ್ರಮ್ಮು ಕಟ್ಟಿದ್ದೇ ಹಾಗೆ ಹೇಳಿಕೊಳ್ಳಲಿಕ್ಕೆ. ತೋಟ ಉಳಿಯುತ್ತದೆ, ಭಾವನ ಮಾನ ಉಳಿಯುತ್ತದೆ, ತಾನು ಒಳಗೆ ಓಡಾಡಬಹುದು. ಸುಳ್ಳು ಹೇಳಬೇಕಾದವಳು ತಾನೂ ಅಲ್ಲ, ಯಂತ್ರ. ಆದರೆ ಮುಂದೆ ಈ ಮನೆಗೆ ಬರುವ ಸೊಸೆ ಮತ್ತೆ ಅದೇ ಹಿತ್ತಲ ಜಗಲಿಯ ಮೇಲೆ ಕೂತು, ತನ್ನ ಡ್ರಮ್ಮಿನ ಸದ್ದು ಕೇಳಿಸಿಕೊಳ್ಳುತ್ತಾಳೆ.

"ಇಲ್ಲ ಭಾವ," ಎಂದಳು. "ಕುಪ್ಪುಸ್ವಾಮಿಗೆ ಬ್ಯಾರೆಯೋರು ಯಾಕೆ ಯೋಳ್ಬೇಕು? ನಾಳೆ ನಾನೇ ಯೋಳ್ತೀನಿ."

ಮರುದಿನ ಎಲೆ ಕೊಯ್ದು, ಕಟ್ಟು ಕಟ್ಟಿ, ಬಾಳೆಪಟ್ಟೆ ಸುತ್ತಿ, ಬುಟ್ಟಿ ತುಂಬಿಸಿಕೊಂಡು ಬಸ್ಸು ಹತ್ತಿದಳು. ಆಂಡರ್ಸನ್‌ಪೇಟೆಯಲ್ಲಿ ಕುಪ್ಪುಸ್ವಾಮಿ ಹಣೆಗೆ ವಿಭೂತಿ ಬಳಿದುಕೊಂಡು ಆಗಷ್ಟೇ ಅಂಗಡಿಗೆ ನೀರು ಚಿಮುಕಿಸುತ್ತಿದ್ದ. ಬುಟ್ಟಿ ಕಂಡು ಕೈ ಚಾಚಿದ.

"ವಾಮ್ಮಾ, ವಾ. ನಿನ್ನ ಎಲೆಗೇ ಕಾಯ್ತಾ ಇದ್ದೆ."

ಅವಳು ಬುಟ್ಟಿ ಕೊಡದೆ ಹಿಡಿದುಕೊಂಡೇ ವಿಷಯ ಹೇಳಿದಳು. ಉದ್ದ ಮಾಡಲಿಲ್ಲ. ನನ್ನ ತೋಟಕ್ಕೆ ನಾನು ಎಲ್ಲ ದಿನವೂ ಹೋಗುತ್ತೇನೆ, ಆ ದಿನಗಳಲ್ಲೂ ಹೋಗುತ್ತೇನೆ. ಎರಡು ತಿಂಗಳಿಂದ ನೀವು ಮಾರಿದ್ದು ಅದೇ ಎಲೆ. ಎಲೆ ನೋಡಿ ಬೇಕಾದರೆ ತಗೊಳ್ಳಿ.

ಕುಪ್ಪುಸ್ವಾಮಿ ಕೈ ಹಿಂದೆ ತೆಗೆದುಕೊಂಡ. ಅವನ ಮುಖ ಕಂದಿತು.

"ಏಮ್ಮಾ, ಯಾಕೆ ಇದನ್ನ ನಂಗೆ ಹೇಳಿದೆ? ಹೇಳದೇ ಇದ್ದಿದ್ರೆ ತಗೊಂಡು ಸುಮ್ಮನೆ ಇರ್ತಿದ್ದೆನಲ್ಲ!"

"ಸುಮ್ಮನೆ ಇರಬಾರ್ದು ಅಂತಾನೇ ಹೇಳಿದ್ದು."

ಅವನು ಒಂದು ಎಲೆ ಎಳೆದು ನೋಡಿದ, ತೊಟ್ಟು ಮುರಿದು ಮೂಸಿದ, ಬೀದಿಯ ಆ ಕಡೆ ಈ ಕಡೆ ಕಣ್ಣಾಡಿಸಿದ. ಎಲೆಯಲ್ಲಿ ಕುಂದು ಸಿಗಲಿಲ್ಲ. "ಒಂದು ಮಾಡು. ಬೀಡಾ ಅಂಗಡಿಯವ್ರಿಗೆ ಆಗೋಷ್ಟು ಕೊಡು. ಕೋವಿಲ್‌ಗೆ ಬೇರೆ ಕಡೆಯಿಂದ ತರ್ತೀನಿ. ನಿಂಗೂ ನಷ್ಟ ಇಲ್ಲ, ನಂಗೂ ಪಾಪ ಇಲ್ಲ."

"ಎಲ್ಲಾ ಒಂದೇ ಬಳ್ಳಿ ಎಲೆ ಕುಪ್ಪುಸ್ವಾಮಿ. ಬಾಯಿಗೆ ಆಗೋದು ದೇವರಿಗೆ ಆಗಲ್ವಾ? ತಗೊಂಡ್ರೆ ಎಲ್ಲಾ ತಗೊಳ್ಳಿ. ಇಲ್ದಿದ್ರೆ ಒಂದೂ ಬ್ಯಾಡ."

"ಹಟ ಮಾಡ್ಬೇಡಮ್ಮಾ. ಮಧ್ಯಾಹ್ನದ ಹೊತ್ತಿಗೆ ಬಾಡಿ ಹೋಗುತ್ತೆ ಎಲೆ."

"ನೀರು ಚಿಮುಕಿಸ್ಕೊಂತೀನಿ," ಎಂದಳು.

ಬುಟ್ಟಿಯನ್ನು ಸೊಂಟಕ್ಕೇರಿಸಿ ಮೆಟ್ಟಿಲಿಳಿದಳು. ಆ ಬೀದಿಯಲ್ಲಿ ಎಲೆ ಕೊಳ್ಳುವ ಅಂಗಡಿ ಇನ್ನೂ ಇದ್ದವು. ಒಬ್ಬನಲ್ಲ ಒಬ್ಬ ತಗೊಂಡಾನು, ಇಲ್ಲವಾದರೆ ಬಂಗಾರಪೇಟೆ ಸಂತೆ ಇದೆ. ಮೂರು ಅಂಗಡಿ ದಾಟಿ, ಬಾಗಿಲು ತೆರೆದಿದ್ದ ಇನ್ನೊಂದು ಎಲೆ ಅಂಗಡಿಯ ಮುಂದೆ ನಿಂತಳು. ಗುರುತಿಲ್ಲದ ಆ ಅಂಗಡಿಯವನು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ, "ಭಲೇ ಎಲೆ!" ಎಂದು ಮೇಲಿನ ಕಟ್ಟಿಗೇ ಕೈ ಹಾಕಿದ.

ಅವಳು ಬುಟ್ಟಿಯನ್ನು ಒಂದು ಗೇಣು ಹಿಂದೆಳೆದುಕೊಂಡಳು.

"ಮೊದಲು ನಾನು ಹೇಳೋದು ಕೇಳಿ. ಎಲೆ ಆಮೇಲೆ," ಎಂದಳು.